ಸ್ವಂತ ಡಿಸೈನ್‌ನ ಕೆನಾರ್ಡ್ ವಿಮಾನ: ಮೂತಿ ಎದ್ದರೆ ನಿಲ್ಲೋದೇ ಇಲ್ಲ, ಹಿಂದಕ್ಕೆ ಪಲ್ಟಿ

#1 ಕೆನಾರ್ಡ್_ಕಿಟ್ಟಿ
ಎಲ್ಲರಿಗೂ ನಮಸ್ಕಾರ. ಎಕ್ಸ್-ಪ್ಲೇನ್ 12 (ಕಂಪ್ಯೂಟರ್ ಫ್ಲೈಟ್ ಸಿಮ್ಯುಲೇಟರ್) ಜೊತೆ ಬರೋ ವಿಮಾನ ವಿನ್ಯಾಸದ ತಂತ್ರಾಂಶ ಪ್ಲೇನ್ ಮೇಕರ್‌ನಲ್ಲಿ ಒಂದು ಸ್ವಂತ ಕಲ್ಪನೆಯ ವಿಮಾನ ಮಾಡ್ತಿದ್ದೇನೆ, ಯಾವ ನಿಜ ವಿಮಾನದ ನಕಲೂ ಅಲ್ಲ. ನಾಲ್ಕು ಸೀಟು, ಮುಂದೆ ಕೆನಾರ್ಡ್ (ಮೂತಿಯ ಹತ್ತಿರದ ಸಣ್ಣ ರೆಕ್ಕೆ, ಎಲಿವೇಟರ್ ಇರೋದು ಇದರಲ್ಲೇ), ಹಿಂದೆ ಪುಷರ್ ಪ್ರೊಪೆಲ್ಲರ್ (ಹಿಂದಿನಿಂದ ತಳ್ಳೋದು), ರೆಕ್ಕೆ ತುದಿಯ ವಿಂಗ್‌ಲೆಟ್‌ನಲ್ಲೇ ರಡರ್. ಎಂಜಿನ್ 180 ಎಚ್‌ಪಿಯ ಲೈಕಮಿಂಗ್ ಒ-360.

ಅಳತೆ ಹೀಗಿದೆ, ದೂರಗಳೆಲ್ಲ ಡೇಟಮ್‌ನಿಂದ (ಅಳತೆ ಶುರುವಾಗೋ ಗೆರೆ) ಹಿಂದಕ್ಕೆ:
ಗರಿಷ್ಠ ತೂಕ 1100 ಕೆಜಿ
ಮುಖ್ಯ ರೆಕ್ಕೆ 9 ಚದರ ಮೀಟರ್, ಸರಾಸರಿ ಕಾರ್ಡ್ (ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನ ತನಕದ ಅಗಲ) 1.06 ಮೀ, 20 ಡಿಗ್ರಿ ಸ್ವೀಪ್ (ಹಿಂದಕ್ಕೆ ಬಾಗು), ಕಾರ್ಡ್‌ನ 25% ಬಿಂದು 4.0 ಮೀ
ಕೆನಾರ್ಡ್ 1.6 ಚದರ ಮೀಟರ್, 25% ಬಿಂದು 1.0 ಮೀ
ಮೂತಿ ಚಕ್ರ 0.9 ಮೀ, ಮುಖ್ಯ ಚಕ್ರ 4.2 ಮೀ
ಸಿಜಿ (ಗುರುತ್ವ ಕೇಂದ್ರ) 3.9 ಮೀ

50 ನಾಟ್ ಹೊತ್ತಿಗೆ ಸ್ಟಿಕ್ ಎಳೆದರೆ ಮೂತಿ ಏಳುತ್ತೆ. ಆಮೇಲೆ ಸ್ಟಿಕ್ ಪೂರ್ತಿ ಮುಂದಕ್ಕೆ ತಳ್ಳಿದರೂ ಇಳಿಯಲ್ಲ. ಒಂದೋ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತೆ, ಇಲ್ಲಾಂದ್ರೆ ಗಾಳಿಯಲ್ಲೇ ಹಿಂದಕ್ಕೆ ಪಲ್ಟಿ. ಸಿಜಿ ರೆಕ್ಕೆಯ 25% ಬಿಂದುವಿಗಿಂತ ಮುಂದೇ ಇದೆಯಲ್ಲ, ಮತ್ತೆ ಯಾಕೆ ಹೀಗೆ?

#2 ಡೇಟಮ್_ಲೈನ್
25% ಲೆಕ್ಕ ಬಾಲ ಹಿಂದೆ ಇರೋ ವಿಮಾನಕ್ಕೆ. ಅಲ್ಲಿ ಹಿಂದಿನ ಬಾಲ ನ್ಯೂಟ್ರಲ್ ಪಾಯಿಂಟನ್ನ (ವಿಮಾನ ಸ್ಥಿರವಾಗಿರೋಕೆ ಸಿಜಿ ಇದಕ್ಕಿಂತ ಮುಂದಿರಬೇಕು) ಹಿಂದಕ್ಕೆ ಎಳೆಯುತ್ತೆ, ಹಾಗಾಗಿ ರೆಕ್ಕೆಯ ಕಾಲುಭಾಗದ ಹತ್ತಿರ ಸಿಜಿ ಇಟ್ಟರೂ ನಡೆಯುತ್ತೆ. ಕೆನಾರ್ಡ್ ಅದನ್ನೇ ಮುಂದಕ್ಕೆ ಎಳೆಯುತ್ತೆ. ನಿಮ್ಮ ಅಂಕಿಗಳಲ್ಲೇ ನೋಡೋಣ.

ಲಿಫ್ಟ್ ಸ್ಲೋಪ್ (ಕೋನ ಏರಿದಂತೆ ಲಿಫ್ಟ್ ಏರೋ ದರ) ಅಂದಾಜು: ಕೆನಾರ್ಡ್‌ಗೆ ಆಸ್ಪೆಕ್ಟ್ ರೇಶಿಯೋ (ರೆಕ್ಕೆಯ ತುದಿಯಿಂದ ತುದಿಗಿನ ಉದ್ದ ÷ ಕಾರ್ಡ್) 9 ಅಂದುಕೊಂಡರೆ ರೇಡಿಯನ್‌ಗೆ 5.14. ಮುಖ್ಯ ರೆಕ್ಕೆಗೆ ಆಸ್ಪೆಕ್ಟ್ ರೇಶಿಯೋ 8, ಅಂದರೆ 5.03. ಆದರೆ ಅದು ಕೆನಾರ್ಡ್‌ನ ಡೌನ್‌ವಾಶ್‌ನಲ್ಲಿ (ಅದು ಕೆಳಕ್ಕೆ ತಳ್ಳೋ ಗಾಳಿಯಲ್ಲಿ) ಕೂತಿದೆ, ಅದನ್ನ 4.4ಕ್ಕೆ ಇಳಿಸಿ.

ಕೆನಾರ್ಡ್: 1.6 × 5.14 = 8.22
ರೆಕ್ಕೆ: 9 × 4.4 = 39.6
ನ್ಯೂಟ್ರಲ್ ಪಾಯಿಂಟ್ = (1.0 × 8.22 + 4.0 × 39.6) ÷ 47.82 = 3.48 ಮೀ

ನಿಮ್ಮ ಸಿಜಿ ಅದಕ್ಕಿಂತ 42 ಸೆಂ.ಮೀ. ಹಿಂದೆ ಇದೆ. ಸ್ಟಾಟಿಕ್ ಮಾರ್ಜಿನ್ (ಆ ಅಂತರ ÷ ಕಾರ್ಡ್) ಮೈನಸ್ 39%. ಎತ್ತಿನ ಗಾಡಿಗೆ ಹಿಂಭಾರ ಆದಾಗ ಮೂಕಿ ಏಳೋ ಥರ, ಒಮ್ಮೆ ಎದ್ದರೆ ಎದ್ದದ್ದೇ. ಪ್ಲಸ್ 10ರಿಂದ 15% ಬೇಕು ಅಂದರೆ ಸಿಜಿ 3.33ರಿಂದ 3.38 ಮೀ ಒಳಗೆ ಬರಬೇಕು. ಎಂಜಿನ್ ಹಿಂದೆ ಇರೋದರಿಂದ ಸೀಟು, ಬ್ಯಾಟರಿ, ಏವಿಯಾನಿಕ್ಸ್ ಎಲ್ಲ ಮುಂದಕ್ಕೆ ತಳ್ಳದೆ ಬೇರೆ ದಾರಿ ಇಲ್ಲ.

#3 ಥ್ರಾಟಲ್_ಫುಲ್
ಅಷ್ಟೆಲ್ಲ ಯಾಕೆ ಗುರೂ, ಪ್ಲೇನ್ ಮೇಕರ್‌ನಲ್ಲೇ ಆರ್ಟಿಫಿಶಿಯಲ್ ಸ್ಟೆಬಿಲಿಟಿ ಇದೆ, ಆನ್ ಮಾಡಿ. ನಮ್ಮ ತೇಜಸ್ ಕೂಡ ಅಸ್ಥಿರ ವಿಮಾನವೇ ಅಲ್ವಾ.

#4 ಜಕ್ಕೂರು_ಗಾಳಿ
ತೇಜಸ್‌ನ ಅಸ್ಥಿರತೆ ಬೇಕೆಂದೇ, ಅಳೆದು ತೂಗಿ ಇಟ್ಟದ್ದು. ಅದನ್ನ ಹಿಡಿದು ನಿಲ್ಲಿಸೋಕೆ ನಾಲ್ಕು ಚಾನೆಲ್‌ನ ಡಿಜಿಟಲ್ ಫ್ಲೈ-ಬೈ-ವೈರ್ ಇದೆ. ಇದು 180 ಎಚ್‌ಪಿಯ ಸಣ್ಣ ವಿಮಾನ, ಕಂಟ್ರೋಲ್ ಎಲ್ಲ ಪುಶ್‌ರಾಡ್. ಮೈನಸ್ 39% ಇರೋದನ್ನ ಸಾಫ್ಟ್‌ವೇರ್‌ನಲ್ಲಿ ಮುಚ್ಚಿದರೆ ಎಲಿವೇಟರ್ ಪ್ರತಿ ಫ್ರೇಮ್‌ಗೂ ಒಂದು ತುದಿಯಿಂದ ಇನ್ನೊಂದಕ್ಕೆ ಹೊಡೆದಾಡುತ್ತೆ, ಫ್ರೇಮ್ ರೇಟ್ ಬಿದ್ದ ಕ್ಷಣ ವಿಮಾನವೂ ಬೀಳುತ್ತೆ. ಜ್ಯಾಮಿತಿ ಸರಿ ಮಾಡಿದ ಮೇಲೆ ಯಾ ಡ್ಯಾಂಪರ್ (ಮೂತಿ ಎಡ ಬಲ ಓಲಾಡೋದನ್ನ ತಡೆಯೋದು) ಥರ ಏನಾದ್ರೂ ಬೇಕಿದ್ದರೆ ಹಾಕಲಿ, ಅದು ಬೇರೆ ಮಾತು.

#5 ಪ್ರೊಫೈಲ್_ಪದ್ಮ
ಇನ್ನೊಂದು ನೋಡಿ. ಸೆಮಿ-ಲೆಂತ್ ಕಾಲಂನಲ್ಲಿ 4.24 ಮೀಟರ್‌ಗೆ ಸಮನಾದ ಅಡಿ ಹಾಕಿದ್ದೀರಾ? ಅದು ಅರ್ಧ ಸ್ಪ್ಯಾನ್. ಪ್ಲೇನ್ ಮೇಕರ್ ಕೇಳೋದು 25% ಕಾರ್ಡ್ ಗೆರೆಯ ಉದ್ದಕ್ಕೆ ಬುಡದಿಂದ ತುದಿಯ ತನಕದ ಅಳತೆ. 20 ಡಿಗ್ರಿ ಸ್ವೀಪ್‌ಗೆ 4.24 ÷ ಕಾಸ್ 20, ಅಂದರೆ 4.51 ಮೀ ಹಾಕಬೇಕು. ಇಲ್ಲಾಂದ್ರೆ ರೆಕ್ಕೆ 6% ಚಿಕ್ಕದಾಗಿ, ನ್ಯೂಟ್ರಲ್ ಪಾಯಿಂಟ್ ಸುಮಾರು ಮೂರು ಸೆಂ.ಮೀ. ಮುಂದೆ ಬರುತ್ತೆ. ಕಾಗದದ ಲೆಕ್ಕಕ್ಕೂ ಸಿಮ್‌ಗೂ ತಾಳೆಯೇ ಆಗಲ್ಲ.

ಏರ್‌ಫಾಯಿಲ್ (ರೆಕ್ಕೆಯ ಅಡ್ಡಕೊಯ್ತದ ಆಕಾರ) ಕೂಡ ಎರಡಕ್ಕೂ ಒಂದೇ ಫೈಲ್ ಕೊಡಬೇಡಿ. ಕೆನಾರ್ಡ್ ಕಾರ್ಡ್ ಸುಮಾರು 0.42 ಮೀ, 70 ನಾಟ್‌ನಲ್ಲಿ ರೆನಾಲ್ಡ್ಸ್ ಸಂಖ್ಯೆ (ಗಾಳಿ ಹರಿಯೋ ಸ್ವಭಾವ ಹೇಳೋ ಅಂಕಿ) 10 ಲಕ್ಷ. ಮುಖ್ಯ ರೆಕ್ಕೆಗೆ 26 ಲಕ್ಷ. ಎಕ್ಸ್‌ಫಾಯಿಲ್ ತಂತ್ರಾಂಶದಲ್ಲಿ ಎರಡನ್ನೂ ಬೇರೆ ಬೇರೆ ಓಡಿಸಿ, ಏರ್‌ಫಾಯಿಲ್ ಮೇಕರ್‌ನಲ್ಲಿ ಎರಡು ಫೈಲ್ ಮಾಡಿ.

#6 ಕೆನಾರ್ಡ್_ಕಿಟ್ಟಿ
ಪದ್ಮಾ ಮೇಡಂ, ಡೇಟಮ್ ಸರ್, ಇಬ್ಬರಿಗೂ ಧನ್ಯವಾದ. ಸೆಮಿ-ಲೆಂತ್ 4.51 ಆಯ್ತು. ಸೀಟುಗಳನ್ನ ಮುಂದೆ ಸರಿಸಿ ಸಿಜಿ 3.35ಕ್ಕೆ ತಂದೆ. ಗಾಳಿಯಲ್ಲಿ ಈಗ ಕೈಬಿಟ್ಟರೂ ನೆಟ್ಟಗೆ ಹೋಗುತ್ತೆ. ಆದರೆ 77-78 ನಾಟ್ ತನಕ ಸ್ಟಿಕ್ ಹೊಟ್ಟೆಗೆ ತಾಗಿಸಿಕೊಂಡು ಕೂತರೂ ಮೂತಿ ಏಳಲ್ಲ. ಎದ್ದಾಗ ದಿಢೀರ್ ಅಂತ ಏಳುತ್ತೆ. ಕೆನಾರ್ಡ್ ದೊಡ್ಡದು ಮಾಡ್ಲಾ?

#7 ಡೇಟಮ್_ಲೈನ್
ಬೇಡ! ಕೆನಾರ್ಡ್ ದೊಡ್ಡದಾದರೆ ನ್ಯೂಟ್ರಲ್ ಪಾಯಿಂಟ್ ಮತ್ತೆ ಮುಂದೆ ಬರುತ್ತೆ, ಮೊದಲಿನಿಂದ ಲೆಕ್ಕ. ಸಿಜಿ ಮುಂದೆ ಬಂತು, ಚಕ್ರ ಹಿಂದೆಯೇ ಉಳೀತು, ತೊಂದರೆ ಅಲ್ಲಿದೆ.

ಈಗ ಮೂತಿ ಚಕ್ರದ ಮೇಲೆ (4.2 − 3.35) ÷ 3.3, ಅಂದರೆ ಸುಮಾರು 26% ಭಾರ. ಅದು 8ರಿಂದ 15% ಒಳಗಿರಬೇಕು. ಮುಖ್ಯ ಚಕ್ರವನ್ನ 3.75ಕ್ಕೆ ತನ್ನಿ: 0.40 ÷ 2.85 = 14%.

ಮೂತಿ ಎತ್ತೋ ವೇಗದ ಲೆಕ್ಕವನ್ನೂ ಮಾಡಿಬಿಡೋಣ. ತೂಕ 10,790 ನ್ಯೂಟನ್, ಮುಖ್ಯ ಚಕ್ರದಿಂದ 0.40 ಮೀ ಮುಂದೆ, ಮೂತಿ ತಗ್ಗಿಸೋ ಮೊಮೆಂಟ್ ಸುಮಾರು 4,316. ಥ್ರಸ್ಟ್ ಗೆರೆ ಸಿಜಿಗಿಂತ 10 ಸೆಂ.ಮೀ. ಮೇಲಿದ್ದು 2,500 ನ್ಯೂಟನ್ ತಳ್ಳಿದರೆ ಇನ್ನೊಂದು 250. ಪುಷರ್‌ಗಳಲ್ಲಿ ಇದನ್ನ ತುಂಬಾ ಜನ ಮರೀತಾರೆ. ಕೆನಾರ್ಡ್‌ನಿಂದ ಚಕ್ರಕ್ಕೆ 2.75 ಮೀ ತೋಳು, ಹಾಗಾಗಿ ಕೆನಾರ್ಡ್ 1,660 ನ್ಯೂಟನ್ ಎತ್ತಬೇಕು. ಮುಖ್ಯ ರೆಕ್ಕೆ ಚಕ್ರದ ಹಿಂದೆ ಇರೋದರಿಂದ ಅದರ ಲಿಫ್ಟ್ ಕೂಡ ಮೂತಿಯನ್ನ ಕೆಳಗೇ ಒತ್ತುತ್ತೆ. ಕೆನಾರ್ಡ್‌ನ ಗರಿಷ್ಠ ಸಿಎಲ್ (ಲಿಫ್ಟ್ ಗುಣಾಂಕ) 1.8 ಅಂದುಕೊಂಡರೆ ಇದೆಲ್ಲ 62 ನಾಟ್ ಹತ್ತಿರ ಸರಿದೂಗುತ್ತೆ. 4.2ರಲ್ಲಿ ಇಟ್ಟು ಇದೇ ಲೆಕ್ಕ ಮಾಡಿದರೆ 77 ನಾಟ್ ಬರುತ್ತೆ, ನೀವು ಹೇಳಿದ ಅಂಕಿಯೇ.

#8 ಮೂರನೇ_ಚಕ್ರ
ಚಕ್ರ ಮುಂದೆ ತಂದರೆ ಪ್ರೊಪೆಲ್ಲರ್ ನೆಲಕ್ಕೆ ತಾಗೋ ಕೋನ ಬದಲಾಗುತ್ತೆ, ಅದನ್ನ ಯಾರೂ ಹೇಳಲಿಲ್ಲ. ಪ್ರೊಪ್ ವ್ಯಾಸ ಎಷ್ಟು?

#9 ಕೆನಾರ್ಡ್_ಕಿಟ್ಟಿ
1.7 ಮೀ. ಹಬ್ ನೆಲದಿಂದ 1.2 ಮೀ ಎತ್ತರ, ಡೇಟಮ್‌ನಿಂದ 5.3 ಮೀ.

#10 ಮೂರನೇ_ಚಕ್ರ
ಹಾಗಾದರೆ ಬ್ಲೇಡ್ ತುದಿ ನೆಲದಿಂದ 35 ಸೆಂ.ಮೀ., ಚಕ್ರದಿಂದ 1.55 ಮೀ ಹಿಂದೆ. 12.7 ಡಿಗ್ರಿಗೆ ಬ್ಲೇಡ್ ನೆಲಕ್ಕೆ. ಸ್ಟ್ರಟ್ ಕುಗ್ಗಿದರೆ ಇನ್ನೂ ಮೊದಲೇ. ಗೇರ್ ಕಾಲು 15 ಸೆಂ.ಮೀ. ಉದ್ದ ಮಾಡಿ, ಇಲ್ಲವೇ 10 ಡಿಗ್ರಿಗೆ ಮುಟ್ಟೋ ಹಾಗೆ ಹೊಟ್ಟೆಯಡಿ ಹಿಂಭಾಗದಲ್ಲಿ ಒಂದು ಸ್ಕಿಡ್ ಕೊಡಿ. ಹಿಂದಕ್ಕೆ ಕೂರೋ ಕೋನದ ಬಗ್ಗೆ ಚಿಂತೆ ಬೇಡ: ಸಿಜಿ ಎತ್ತರ 1.1 ಮೀ ಇದ್ದರೆ 20 ಡಿಗ್ರಿ ಬರುತ್ತೆ, 15 ದಾಟಿದರೆ ಸಾಕು.

#11 ಬ್ಲೆಂಡರ್_ಭಟ್ಟ
ಇಷ್ಟೆಲ್ಲ ಅಂಕಿ ನೋಡಿ ಹೊಸಬರು ಓಡಿಹೋಗ್ತಾರೆ ಮಾರಾಯ್ರೆ. ಮೊದಲು ಬ್ಲೆಂಡರ್‌ನಲ್ಲಿ (3ಡಿ ಮಾಡೆಲ್ ತಂತ್ರಾಂಶ) ಚಂದದ ಆಕಾರ ಮಾಡಿ, ಆಮೇಲೆ ಅದಕ್ಕೆ ತಕ್ಕ ಹಾಗೆ ಹಾರಾಟ ಹೊಂದಿಸಿದರಾಯ್ತು. ಕಾನ್ಸೆಪ್ಟ್ ವಿಮಾನ ಅಂದ್ರೆ ನೋಡೋಕೆ ಹೊಸದಾಗಿರಬೇಕು.

#12 ಜಕ್ಕೂರು_ಗಾಳಿ
ಭಟ್ರೇ, ಒಪ್ಪಲ್ಲ. ಈ ಥ್ರೆಡ್‌ನಲ್ಲೇ ನೋಡಿ: ಸಿಜಿ ಸರಿಯಾಗೋಕೆ ಸೀಟು ಸರೀತು, ಸೀಟು ಸರಿದರೆ ಕಿಟಕಿ, ಬಾಗಿಲು, ಕ್ಯಾನೊಪಿ ಎಲ್ಲ ಸರಿಯಬೇಕು. ಚಕ್ರ 45 ಸೆಂ.ಮೀ. ಮುಂದೆ ಬಂತು, ಗೇರ್ ಬಾಗಿಲು, ಅದರ ಅನಿಮೇಶನ್ ಎಲ್ಲ ಮತ್ತೆ. ಮಾಡೆಲ್ ಮೊದಲೇ ಮುಗಿಸಿ, ಯುವಿ ಬಿಡಿಸಿ (ಮೇಲ್ಮೈಯನ್ನ ಚಪ್ಪಟೆಯಾಗಿ ಹಾಸಿ), ಟೆಕ್ಸ್ಚರ್ ಬಳಿದಿದ್ದರೆ ಅಷ್ಟೂ ಕೆಲಸ ನೀರಿಗೆ. ಮೊದಲು ಸ್ಪ್ರೆಡ್‌ಶೀಟ್, ಆಮೇಲೆ ಪ್ಲೇನ್ ಮೇಕರ್‌ನ ಬರೀ ಡಬ್ಬಿ ಆಕಾರದಲ್ಲಿ ಹಾರಾಟ, ಕೊನೆಗೆ ಚಂದ.

#13 ಬ್ಲೆಂಡರ್_ಭಟ್ಟ
ಟೆಕ್ಸ್ಚರ್ ಕೊನೆಗೆ ಅನ್ನೋದು ಒಪ್ಪಿದೆ. ಆದರೆ ಒರಟು ಮಾಡೆಲ್ ಮೊದಲೇ ಬೇಕು, ಇಲ್ಲದಿದ್ದರೆ ಆರಡಿ ಮನುಷ್ಯ ಒಳಗೆ ಕೂರ್ತಾನಾ ಅಂತ ಗೊತ್ತಾಗೋದು ಹೇಗೆ? ಸ್ಪಾರ್ (ರೆಕ್ಕೆಯ ಒಳಗಿನ ತೊಲೆ) ಹಿಂದಿನ ಸೀಟಿನ ಬೆನ್ನಿಗೆ ಅಡ್ಡ ಬರುತ್ತಾ, ಕೆನಾರ್ಡ್ ಪೈಲಟ್‌ನ ಕಣ್ಣಿಗೆ ರನ್‌ವೇ ಮರೆ ಮಾಡುತ್ತಾ ಅಂತ ಸ್ಪ್ರೆಡ್‌ಶೀಟ್ ಹೇಳಲ್ಲ. ನಾಸಾದ ಓಪನ್‌ವಿಎಸ್‌ಪಿಯಲ್ಲಿ ಒರಟು ಆಕಾರ ಮಾಡಿ. ಅದರಲ್ಲಿ ಸ್ಪ್ಯಾನ್, ಕಾರ್ಡ್ ಬದಲಿಸಿದರೆ ಆಕಾರ ತಾನೇ ಬದಲಾಗುತ್ತೆ, ಜೊತೆಗಿರೋ ವಿಎಸ್‌ಪಿ-ಏರೋದಲ್ಲಿ ಲಿಫ್ಟ್ ಲೆಕ್ಕವೂ ಸಿಗುತ್ತೆ. ಅಲ್ಲಿ ಅಳತೆ ಗಟ್ಟಿಯಾದ ಮೇಲೆ ಬ್ಲೆಂಡರ್‌ಗೆ ತರಬಹುದು.

#14 ಡೇಟಮ್_ಲೈನ್
ಇದು ಸರಿಯಾದ ದಾರಿ. ನನ್ನ ಕೈಲೆಕ್ಕದಲ್ಲಿ ಡೌನ್‌ವಾಶ್ ಅಂದಾಜಿನದು, ಫ್ಯೂಸಲಾಜ್ (ವಿಮಾನದ ಒಡಲು) ಸೇರಿಸಿಯೇ ಇಲ್ಲ. ವಿಎಸ್‌ಪಿ-ಏರೋ ಅಥವಾ ಎಂಐಟಿಯ ಎವಿಎಲ್ ತಂತ್ರಾಂಶದಲ್ಲಿ ಒಮ್ಮೆ ಓಡಿಸಿ ನ್ಯೂಟ್ರಲ್ ಪಾಯಿಂಟ್ ತಾಳೆ ನೋಡಲೇಬೇಕು. ದಪ್ಪ ಮೂತಿ ಇದ್ದರೆ ಅದು ಇನ್ನೂ ಮುಂದೆ ಹೋಗುತ್ತೆ.

#15 ಧಾರವಾಡದ_ಪೈಲಟ್
ಎಲ್ಲಾರೂ 1100 ಕೆಜಿ ತುಂಬಿದ ಲೆಕ್ಕಾನ ಮಾಡಾಕತ್ತೀರಿ. ಒಬ್ಬನ ಕುಂತಾಗ ಏನಾಗತೈತಿ ನೋಡ್ರಿ. ಪುಷರ್‌ದಾಗ ಖಾಲಿ ವಿಮಾನದ ಸಿಜಿ ಹಿಂದ ಇರತೈತಿ, ಮಂದಿ ಕುಂತ ಮ್ಯಾಲೆ ಮುಂದ ಬರತೈತಿ. ಕಿಟ್ಟಿ ಅವರ, ನಿಮ್ಮ ಖಾಲಿ ತೂಕ ಎಷ್ಟ್ರಿ?

#16 ಕೆನಾರ್ಡ್_ಕಿಟ್ಟಿ
ಖಾಲಿ 620 ಕೆಜಿ, ಸಿಜಿ 3.615 ಮೀ. ಇಂಧನ 150 ಕೆಜಿ, 3.5 ಮೀಟರ್‌ನಲ್ಲಿ. ಮುಂದಿನ ಇಬ್ಬರು 170 ಕೆಜಿ, 2.3ರಲ್ಲಿ. ಹಿಂದಿನ ಇಬ್ಬರು 160 ಕೆಜಿ, 3.3ರಲ್ಲಿ.

#17 ಧಾರವಾಡದ_ಪೈಲಟ್
ನೋಡ್ರಿ ಹಂಗಾದ್ರ. 85 ಕೆಜಿ ಪೈಲಟ್ ಒಬ್ಬನ, ಟ್ಯಾಂಕ್ ಫುಲ್: ಒಟ್ಟು 855 ಕೆಜಿ, ಸಿಜಿ 3.46. ನ್ಯೂಟ್ರಲ್ ಪಾಯಿಂಟ್ 3.48. ಮಾರ್ಜಿನ್ ಬರೀ 2%. ಮೂತಿಯೊಳಗ 0.7 ಮೀ ಹತ್ರ 25 ಕೆಜಿ ಬ್ಯಾಲಸ್ಟ್ ಇಡ್ರಿ, 3.385ಕ್ಕ ಬರತೈತಿ, ಮಾರ್ಜಿನ್ 9%. ಖರೆ ಕೆನಾರ್ಡ್ ವಿಮಾನದಾಗೂ ಒಬ್ಬನ ಹಾರೂವಾಗ ಮೂತಿಯೊಳಗ ತೂಕ ಇಡೂದು ಇದ್ದದ್ದ.

ಮಾರ್ಜಿನ್‌ಕಿಂತ ದೊಡ್ಡ ಗಂಡಾಂತರ ಸ್ಟಾಲ್‌ದಾಗ (ಕೋನ ಹೆಚ್ಚಾಗಿ ರೆಕ್ಕಿ ಲಿಫ್ಟ್ ಕಳಕೊಳ್ಳೂದು) ಐತ್ರಿ. ಕೆನಾರ್ಡ್ ಯಾವಾಗಲೂ ಮೊದಲ ಸ್ಟಾಲ್ ಆಗಬೇಕು, ಮೂತಿ ತಾನ ಇಳೀಬೇಕು. ಮುಖ್ಯ ರೆಕ್ಕಿ ಮೊದಲ ಸ್ಟಾಲ್ ಆದ್ರ ಹಿಂಭಾಗ ಕುಸೀತೈತಿ, ಮೂತಿ ಮ್ಯಾಲೇ ಉಳೀತೈತಿ, ಡೀಪ್ ಸ್ಟಾಲ್. ಹೊರಗ ಬರೂ ದಾರಿ ಇಲ್ಲ.

1100 ಕೆಜಿ, ಸಿಜಿ 3.35: ಕೆನಾರ್ಡ್ ಹೊರೂದು 238 ಕೆಜಿ, ಚದರ ಮೀಟರ್‌ಗೆ 149. ರೆಕ್ಕಿ ಚದರ ಮೀಟರ್‌ಗೆ 96. ಕೆನಾರ್ಡ್ 1.8 ಸಿಎಲ್‌ಗೆ ಸ್ಟಾಲ್ ಆದಾಗ ರೆಕ್ಕಿ ಇನ್ನೂ 1.16ದಾಗ. ರೆಕ್ಕಿಯ ಗರಿಷ್ಠ 1.4 ಅಂದ್ರ ಚಿಂತಿ ಇಲ್ಲ.
855 ಕೆಜಿ, ಸಿಜಿ 3.46: ಕೆನಾರ್ಡ್ 1.8ಕ್ಕ ಮುಟ್ಟೂದ್ರಾಗ ರೆಕ್ಕಿ 1.47 ಕೇಳತೈತಿ. ರೆಕ್ಕಿ ಮೊದಲ ಹೋತು.
25 ಕೆಜಿ ಬ್ಯಾಲಸ್ಟ್ ಇಟ್ಟ ಮ್ಯಾಲೆ: ರೆಕ್ಕಿ 1.24. ಬಚಾವ್.

#18 ಪ್ರೊಫೈಲ್_ಪದ್ಮ
ಈ ಥ್ರೆಡ್‌ನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಉತ್ತರ ಇದು. ಏರ್‌ಫಾಯಿಲ್ ಫೈಲ್‌ನಲ್ಲಿ ಸ್ಟಾಲ್ ಆದ ಮೇಲಿನ ಗೆರೆಯನ್ನೂ ಗಮನಿಸಿ. ಕೆನಾರ್ಡ್‌ನ ಗೆರೆ ತುದಿಯಲ್ಲಿ ನಿಧಾನ ಬಾಗಬೇಕು. ಕಡಿದಾಗಿ ಬಿದ್ದರೆ ಮೂತಿ ಧೊಪ್ಪನೆ ಕುಸಿಯುತ್ತೆ, ಲ್ಯಾಂಡಿಂಗ್‌ನಲ್ಲಿ ಮೂತಿ ಚಕ್ರ ಮುರಿಯುತ್ತೆ.

#19 ಥ್ರಾಟಲ್_ಫುಲ್
ಸರಿ, ಸ್ಟೆಬಿಲಿಟಿ ಮಾತು ವಾಪಸ್ ತಗೊಂಡೆ. ಆದ್ರೆ ಸ್ಟಾಲ್ ವೇಗ 71 ನಾಟ್ ಬರುತ್ತಲ್ಲ, ಸಣ್ಣ ವಿಮಾನಕ್ಕೆ ಜಾಸ್ತಿ ಆಯ್ತು. ಮುಖ್ಯ ರೆಕ್ಕೆಗೆ ಫ್ಲ್ಯಾಪ್ ಹಾಕಿದ್ರೆ ಕಮ್ಮಿ ಆಗಲ್ವಾ?

#20 ಜಕ್ಕೂರು_ಗಾಳಿ
ಕೆನಾರ್ಡ್‌ನಲ್ಲಿ ಅಷ್ಟು ಸುಲಭ ಇಲ್ಲ. ಫ್ಲ್ಯಾಪ್ ಇಳಿಸಿದರೆ ಹೆಚ್ಚಿನ ಲಿಫ್ಟ್ ಸಿಜಿಯ ಹಿಂದೆ ಹುಟ್ಟುತ್ತೆ, ಮೂತಿ ತಗ್ಗುತ್ತೆ. ಅದನ್ನ ಎತ್ತೋದು ಕೆನಾರ್ಡ್, ಅದು ಮೊದಲೇ ತುದಿಗೆ ಬಂದಿರುತ್ತೆ. ಬೀಚ್‌ಕ್ರಾಫ್ಟ್ ಸ್ಟಾರ್‌ಶಿಪ್‌ನಲ್ಲಿ ಇದಕ್ಕಾಗಿಯೇ ಫ್ಲ್ಯಾಪ್ ಇಳಿದಾಗ ಕೆನಾರ್ಡ್ ಮುಂದಕ್ಕೆ ತಿರುಗೋ ಏರ್ಪಾಡು ಇತ್ತು. ಪಿಯಾಜಿಯೋ ಅವಾಂತಿ ಹಿಂದೆ ಬಾಲವನ್ನೂ ಇಟ್ಟುಕೊಂಡು, ಮುಂದಿನ ರೆಕ್ಕೆಗೂ ಫ್ಲ್ಯಾಪ್ ಕೊಟ್ಟಿದೆ. ಎರಡೂ 1986ರಲ್ಲಿ ಮೊದಲು ಹಾರಿದವು. ಕಿಟ್ಟಿ ಅವರ ವಿಮಾನಕ್ಕೆ ಸುಲಭ ಉಪಾಯ ಅಂದರೆ ಕೆನಾರ್ಡ್ ಮತ್ತು ರೆಕ್ಕೆ ಎರಡರ ವಿಸ್ತೀರ್ಣವನ್ನೂ ಒಂದೇ ಪ್ರಮಾಣದಲ್ಲಿ 15% ಹಿಗ್ಗಿಸೋದು. ಸ್ಟಾಲ್ ವೇಗ 66 ನಾಟ್‌ಗೆ ಇಳಿಯುತ್ತೆ, ಕ್ರೂಸ್ ಸ್ವಲ್ಪ ಕಮ್ಮಿಯಾಗುತ್ತೆ.

#21 ಕರಾವಳಿ_ಹಕ್ಕಿ
ವಿಷಯಾಂತರಕ್ಕೆ ಕ್ಷಮಿಸಿ. ಪುಷರ್ ಅಂದಕೂಡಲೇ ಎನ್‌ಎಎಲ್‌ನ (ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಸಾರಸ್ ವಿಮಾನ ನೆನಪಾಯ್ತು. ಅದೂ ಕೆನಾರ್ಡ್ ಅಲ್ವಾ?

#22 ಜಕ್ಕೂರು_ಗಾಳಿ
ಅಲ್ಲ. 2004ರ ಮೇ 29ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಸಾರಸ್‌ಗೆ ಟಿ-ಟೈಲ್ (ಟಿ ಆಕಾರದ ಬಾಲ) ಇತ್ತು. ಎರಡು ಟರ್ಬೊಪ್ರಾಪ್ ಎಂಜಿನ್ ಫ್ಯೂಸಲಾಜ್‌ನ ಹಿಂಭಾಗದ ಎರಡು ಬದಿಯಲ್ಲಿ, ಪ್ರೊಪೆಲ್ಲರ್ ಹಿಂದಕ್ಕೆ ಮುಖ ಮಾಡಿ. ಸಿಮ್‌ಗೆ ಯಾರಾದರೂ ಆ ಮಾದರಿಯಲ್ಲಿ ಸ್ವಂತ ಕಾನ್ಸೆಪ್ಟ್ ಮಾಡಿದರೆ ನಾನಂತೂ ಖುಷಿಯಿಂದ ಹಾರಿಸ್ತೇನೆ.

#23 ಕರಾವಳಿ_ಹಕ್ಕಿ
ಥ್ಯಾಂಕ್ಸ್ ಸರ್. ಇನ್ನೊಂದು: ಇದನ್ನೇ ಬ್ಯಾಟರಿ ವಿಮಾನ ಮಾಡಬಹುದಾ?

#24 ಮೂರನೇ_ಚಕ್ರ
ಮಾಡಬಹುದು, ಎಕ್ಸ್-ಪ್ಲೇನ್‌ನಲ್ಲಿ ಎಲೆಕ್ಟ್ರಿಕ್ ಎಂಜಿನ್ ಆಯ್ಕೆ ಇದೆ. ಆದರೆ ಪ್ಯಾಕ್ ಲೆಕ್ಕದಲ್ಲಿ ಕೆಜಿಗೆ 200 ವ್ಯಾಟ್-ಅವರ್ ಹಿಡಿದರೆ 250 ಕೆಜಿ ಬ್ಯಾಟರಿಯಲ್ಲಿ 50 ಕಿಲೋವ್ಯಾಟ್-ಅವರ್. 180 ಎಚ್‌ಪಿಯ 65% ಅಂದರೆ 87 ಕಿಲೋವ್ಯಾಟ್. 34 ನಿಮಿಷ ಹಾರಾಟ, ರಿಸರ್ವ್ ತೆಗೆದರೆ ಉಳಿಯೋದು ಏನೂ ಇಲ್ಲ. 2020ರಲ್ಲಿ ಯುರೋಪಿನ ಟೈಪ್ ಸರ್ಟಿಫಿಕೇಟ್ ಪಡೆದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ ಎರಡು ಸೀಟಿನ ತರಬೇತಿ ವಿಮಾನ, ಗರಿಷ್ಠ ತೂಕ ಬರೀ 600 ಕೆಜಿ. ಕಾನ್ಸೆಪ್ಟ್ ಅಂತ ಕೆಜಿಗೆ 1000 ವ್ಯಾಟ್-ಅವರ್ ಬರೆದುಕೊಂಡರೆ ಅದು ಡಿಸೈನ್ ಅಲ್ಲ. ಮತ್ತೆ ಬ್ಯಾಟರಿಯ ತೂಕ ಕರಗಲ್ಲ, ಏರಿದ ತೂಕದಲ್ಲೇ ಇಳೀಬೇಕು. ಅದನ್ನ ಇಂಧನದ ಕಾಲಂನಲ್ಲಿ ಹಾಕಬೇಡಿ, ಸ್ಥಿರ ತೂಕವಾಗಿ ಹಾಕಿ.

#25 ಕೋಡ್_ಕೊಡಗು
ಫ್ಲೈಟ್‌ಗೇರ್ ಸಿಮ್ಯುಲೇಟರ್‌ನಲ್ಲಿ ಜೆಎಸ್‌ಬಿಸಿಮ್ (ಹಾರಾಟದ ಲೆಕ್ಕ ಮಾಡೋ ತಂತ್ರಾಂಶ) ಬಳಸೋರಿಗೆ: ಅಲ್ಲಿ ಆಕಾರದಿಂದ ಬಲ ತಾನೇ ಲೆಕ್ಕವಾಗಲ್ಲ, ಕೋಎಫಿಶಿಯಂಟ್ ಟೇಬಲ್‌ಗಳನ್ನ ನೀವೇ ಕೊಡಬೇಕು. ಏರೋಮ್ಯಾಟಿಕ್ ಅನ್ನೋ ಸಾಧನ ಕೊಡೋ ಫೈಲ್ ಬಾಲ ಹಿಂದಿರೋ ವಿಮಾನಕ್ಕೆ ಸರಿ. ಕೆನಾರ್ಡ್‌ಗೆ ಪಿಚ್ ಮೊಮೆಂಟ್ ಟೇಬಲನ್ನ ಎವಿಎಲ್ ಫಲಿತಾಂಶದಿಂದ ಹೊಸದಾಗಿ ಬರೀಬೇಕು. ಎಲಿವೇಟರ್‌ನ ಚಿಹ್ನೆ ಉಲ್ಟಾ ಅನ್ನೋದನ್ನೂ ಮರೀಬೇಡಿ, ಇಲ್ಲಿ ಟ್ರೇಲಿಂಗ್ ಎಡ್ಜ್ (ಹಿಂದಿನ ಅಂಚು) ಕೆಳಗೆ ಹೋದರೆ ಮೂತಿ ಮೇಲೆ.

ಎಂಎಸ್‌ಎಫ್‌ಎಸ್‌ಗೆ (ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್) ಒಯ್ಯೋರಿಗೆ: ಎಕ್ಸ್-ಪ್ಲೇನ್, ಜೆಎಸ್‌ಬಿಸಿಮ್ ಎರಡರಲ್ಲೂ ಉದ್ದದ ಅಳತೆ ಹಿಂದಕ್ಕೆ ಪ್ಲಸ್. ಎಂಎಸ್‌ಎಫ್‌ಎಸ್‌ನಲ್ಲಿ ಮುಂದಕ್ಕೆ ಪ್ಲಸ್. ಜೊತೆಗೆ ಜೆಎಸ್‌ಬಿಸಿಮ್‌ನಲ್ಲಿ ಸ್ಥಾನಗಳು ಸಾಮಾನ್ಯವಾಗಿ ಇಂಚು, ಎಂಎಸ್‌ಎಫ್‌ಎಸ್‌ನಲ್ಲಿ ಅಡಿ. ಒಂದು ಚಿಹ್ನೆ ತಪ್ಪಿದರೆ ಎಂಜಿನ್ ಪೈಲಟ್‌ನ ಮುಂದೆ ಬಂದು ಕೂರುತ್ತೆ.

#26 ಕೆನಾರ್ಡ್_ಕಿಟ್ಟಿ
ಮುಖ್ಯ ಚಕ್ರ 3.75, ಗೇರ್ ಕಾಲು 15 ಸೆಂ.ಮೀ. ಉದ್ದ, ಬ್ಯಾಲಸ್ಟ್ 25 ಕೆಜಿ ಬೇರೆ ಲೋಡ್ ಸ್ಟೇಶನ್ ಆಗಿ. ಈಗ 63 ನಾಟ್‌ಗೆ ಮೂತಿ ಏಳುತ್ತೆ. ಆದರೆ ಗಾಳಿ ಹೊಡೆದಾಗ ಮೂತಿ ಪಟಪಟ ಅನ್ನುತ್ತೆ, ತುಂಬಾ ಹಗುರ ಅನ್ನಿಸುತ್ತೆ.

#27 ಡೇಟಮ್_ಲೈನ್
ಜಡತ್ವದ ಅಂಕಿ ನೋಡಿ. ಪಿಚ್‌ಗೆ ರೇಡಿಯಸ್ ಆಫ್ ಜೈರೇಶನ್ (ತೂಕ ಸಿಜಿಯಿಂದ ಎಷ್ಟು ದೂರ ಹರಡಿದೆ ಅನ್ನೋ ಅಳತೆ) ಎಷ್ಟಿದೆ? ಒಂದು ಎಂಜಿನ್‌ನ ಸಾಮಾನ್ಯ ವಿಮಾನಕ್ಕೆ ಉದ್ದದ ಅರ್ಧದ 0.38 ಪಾಲು ಅಂತ ಹಿಡೀತಾರೆ. ನಿಮ್ಮದು 5.2 ಮೀ ಉದ್ದ, 0.99 ಮೀ ಬರುತ್ತೆ, ಅಂದರೆ ಸುಮಾರು 1,075 ಕೆಜಿ-ಚದರ ಮೀಟರ್. ಸ್ಲಗ್-ಚದರ ಅಡಿಯಲ್ಲಿ 790. ಆದರೆ ನಿಮ್ಮಲ್ಲಿ ಎಂಜಿನ್ ಒಂದು ತುದಿ, ಬ್ಯಾಲಸ್ಟ್, ಬ್ಯಾಟರಿ ಇನ್ನೊಂದು ತುದಿ. ಹಾಗಾಗಿ ಅದಕ್ಕಿಂತ ಹೆಚ್ಚೇ ಇರಬೇಕು. ಪ್ರತಿ ಭಾಗದ ತೂಕವನ್ನ ಸಿಜಿಯಿಂದ ದೂರದ ವರ್ಗಕ್ಕೆ ಗುಣಿಸಿ ಕೂಡಿಸಿ, ಆ ಅಂಕಿ ಹಾಕಿ.

#28 ಪ್ರೊಫೈಲ್_ಪದ್ಮ
ಸ್ಟಾಲ್ ಪರೀಕ್ಷೆ ಮಾಡುವ ಕ್ರಮವನ್ನೂ ಹೇಳಿಬಿಡ್ತೇನೆ. 5,000 ಅಡಿಯಲ್ಲಿ ಪವರ್ ಐಡಲ್, ಸೆಕೆಂಡಿಗೆ ಒಂದು ನಾಟ್‌ನಂತೆ ವೇಗ ಇಳಿಸಿ. ಪೂರ್ತಿ ತೂಕದಲ್ಲಿ 71 ನಾಟ್ ಆಸುಪಾಸು ಸ್ಟಿಕ್ ಪೂರ್ತಿ ಹಿಂದಿದ್ದಾಗ ಮೂತಿ ಎರಡು ಮೂರು ಡಿಗ್ರಿ ಇಳಿದು, ಏರಿ, ಮತ್ತೆ ಇಳಿಯುತ್ತಾ ಇರಬೇಕು. ಡೇಟಾ ಔಟ್‌ಪುಟ್‌ನಲ್ಲಿ ಆಂಗಲ್ ಆಫ್ ಅಟ್ಯಾಕ್ (ರೆಕ್ಕೆಗೂ ಎದುರು ಗಾಳಿಗೂ ನಡುವಿನ ಕೋನ) ಬರೆಸಿಕೊಳ್ಳಿ. ಅದು ಒಂದೇ ಸಮನೆ ಏರುತ್ತಾ ಹೋದರೆ ಮುಖ್ಯ ರೆಕ್ಕೆ ಹೋಗಿದೆ ಅಂತ ಅರ್ಥ. ಪೂರ್ತಿ ತೂಕದಲ್ಲಿ, ಬ್ಯಾಲಸ್ಟ್ ಇಟ್ಟು ಒಬ್ಬನೇ, ಬ್ಯಾಲಸ್ಟ್ ಇಲ್ಲದೆ, ಮೂರೂ ಸಲ ಮಾಡಿ.

ಮಳೆಯನ್ನೂ ಸೇರಿಸಬೇಕಿದ್ದರೆ: ರುಟಾನ್‌ನ ಲಾಂಗ್-ಈಜಿ ಅನ್ನೋ ಕೆನಾರ್ಡ್ ವಿಮಾನದಲ್ಲಿ ಮೊದಲಿದ್ದ ಜಿಯು-25 ಕೆನಾರ್ಡ್ ಏರ್‌ಫಾಯಿಲ್ ಮಳೆಯಲ್ಲಿ ಒದ್ದೆಯಾದಾಗ ಲಿಫ್ಟ್ ಕಳೆದುಕೊಳ್ತಿತ್ತು. ಆಮೇಲೆ ಅದರ ಬದಲು ರಾಂಜ್ ಆರ್-1145-ಎಂಎಸ್ ಏರ್‌ಫಾಯಿಲ್ ಬಂತು. ಪ್ಲಗಿನ್ ಬರೆಯಬಲ್ಲವರು ಮಳೆಯ ಪ್ರಮಾಣ ನೋಡಿ ಮೂತಿ ತಗ್ಗೋ ಸಣ್ಣ ಮೊಮೆಂಟ್ ಸೇರಿಸಬಹುದು.

#29 ಜಕ್ಕೂರು_ಗಾಳಿ
ಎಲ್ಲ ಪರೀಕ್ಷೆಯನ್ನೂ ಸಮುದ್ರಮಟ್ಟದಲ್ಲೇ ಮುಗಿಸಬೇಡಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸುಮಾರು 3,000 ಅಡಿ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಿಗೆ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿಯ ಸಾಂದ್ರತೆಗೆ ತಕ್ಕ ಎತ್ತರ) 5,500 ಅಡಿ ಹತ್ತಿರ ಹೋಗುತ್ತೆ. ಟರ್ಬೊ ಇಲ್ಲದ ಎಂಜಿನ್ ಶಕ್ತಿ ಸುಮಾರು 15% ಇಳಿಯುತ್ತೆ. ಮೀಟರ್‌ನಲ್ಲಿ 63 ನಾಟ್ ಕಂಡಾಗ ನಿಜ ವೇಗ 68. ಅಲ್ಲಿ ನಾಲ್ಕು ಜನರ ಜೊತೆ ಏರಿದರೆ ಈ ವಿಮಾನ ಎಷ್ಟು ರನ್‌ವೇ ತಿನ್ನುತ್ತೆ ಅಂತ ಗೊತ್ತಾಗುತ್ತೆ.

#30 ಕೆನಾರ್ಡ್_ಕಿಟ್ಟಿ
ಭಾಗ ಭಾಗವಾಗಿ ಕೂಡಿಸಿದಾಗ ಪಿಚ್ ಜಡತ್ವ ಮೊದಲಿನದಕ್ಕಿಂತ ಬಹಳ ಹೆಚ್ಚು ಬಂತು, ಆ ಪಟಪಟ ಹೋಯ್ತು. ಪದ್ಮಾ ಮೇಡಂ ಹೇಳಿದ ಮೂರು ಪರೀಕ್ಷೆಯಲ್ಲಿ ಮೊದಲೆರಡು ಸರಿ. ಬ್ಯಾಲಸ್ಟ್ ಇಲ್ಲದ್ದರಲ್ಲಿ ಧಾರವಾಡದವರು ಹೇಳಿದ ಹಾಗೇ ಆಯ್ತು, ಮೂತಿ ಮೇಲೇ ನಿಂತು ಚಪ್ಪಟೆಯಾಗಿ ಕೆಳಗೆ. ಈಗ ರಡರ್ ಒಂದು ಉಳಿದಿದೆ: ಟ್ಯಾಕ್ಸಿ ಮಾಡುವಾಗ ಪೆಡಲ್ ಒತ್ತಿದರೆ ಏನೂ ಆಗಲ್ಲ.

#31 ಮೂರನೇ_ಚಕ್ರ
ಆಗಬಾರದು ಕೂಡ. ವಿಂಗ್‌ಲೆಟ್ ಮೇಲೆ ಪ್ರೊಪೆಲ್ಲರ್ ಗಾಳಿ ಬೀಳಲ್ಲ, ಹಾಗಾಗಿ ಓಟದ ವೇಗ ಬರೋ ತನಕ ರಡರ್‌ಗೆ ಕಚ್ಚು ಇರಲ್ಲ. ಮೂತಿ ಚಕ್ರವನ್ನ ಕ್ಯಾಸ್ಟರ್ (ತಾನೇ ತಿರುಗೋ ಹಾಗೆ) ಬಿಟ್ಟು, ತಿರುಗಿಸೋದನ್ನ ಎಡ ಬಲ ಬ್ರೇಕ್‌ಗೆ ಕೊಡಿ. ಲಾಂಗ್-ಈಜಿಯಲ್ಲಿ ರಡರ್ ಹೊರಕ್ಕೆ ಮಾತ್ರ ತೆರೆಯುತ್ತೆ, ಎಡ ಪೆಡಲ್‌ಗೆ ಎಡದ್ದು ಮಾತ್ರ, ಬಲಕ್ಕೆ ಬಲದ್ದು. ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎರಡೂ ತೆರೆದು ಏರ್‌ಬ್ರೇಕ್ ಥರ ಕೆಲಸ ಮಾಡುತ್ತೆ. ನಿಮ್ಮದಕ್ಕೂ ಅದೇ ಹೊಂದುತ್ತೆ, ಫ್ಲ್ಯಾಪ್ ಇಲ್ಲವಲ್ಲ.

#32 ಬ್ಲೆಂಡರ್_ಭಟ್ಟ
ಹಾಗಾದ್ರೆ ಎರಡು ರಡರ್‌ಗೂ ಬೇರೆ ಬೇರೆ ಡೇಟಾರೆಫ್ (ಅನಿಮೇಶನ್‌ಗೆ ಎಕ್ಸ್-ಪ್ಲೇನ್ ಕೊಡೋ ಅಂಕಿ) ಬೇಕು, ಒಂದೇ ಅನಿಮೇಶನ್‌ಗೆ ಕಟ್ಟಬೇಡಿ ಕಿಟ್ಟಿ. ಅಳತೆ ಗಟ್ಟಿಯಾಯ್ತು ಅಂದಾಗ ಓಪನ್‌ವಿಎಸ್‌ಪಿ ಫೈಲ್ ಇಲ್ಲಿ ಹಾಕಿ, ಕ್ಯಾನೊಪಿ ಚೌಕಟ್ಟು ನಾನು ಮಾಡಿಕೊಡ್ತೇನೆ.